ಹಳೆಯ ಔಟ್‌ಬೋರ್ಡ್ ಮೋಟಾರಿನ ಟೈಮಿಂಗ್: ನಿಮ್ಮ ಪ್ರಶ್ನೆ, ನನ್ನ ಉತ್ತರ

ಪ್ರಶ್ನೆ: ನನ್ನ ಬಳಿ 1960ರ ದಶಕದ, 10 ಅಶ್ವಶಕ್ತಿಯ, ಎರಡು ಸಿಲಿಂಡರಿನ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟಾರು ಇದೆ. ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಹಾರಿಸುವ ಸಣ್ಣ ಸ್ವಿಚ್ಚು), ಕಂಡೆನ್ಸರ್ ಎಲ್ಲ ಹೊಸದು ಹಾಕಿ, ತೆಳು ಪಟ್ಟಿಗಳ ಫೀಲರ್ ಗೇಜಿನಿಂದ 0.020 ಇಂಚು ಅಂತರ ಇಟ್ಟಿದ್ದೇನೆ. ಎರಡೂ ಪ್ಲಗ್ಗಿನಲ್ಲಿ ಕಿಡಿ ಬರುತ್ತದೆ. ಆದರೂ ಹತ್ತು ಹನ್ನೆರಡು ಸಲ ಹಗ್ಗ ಎಳೆದ ಮೇಲೇ ಸ್ಟಾರ್ಟ್ ಆಗುವುದು. ಒಮ್ಮೊಮ್ಮೆ ಹಗ್ಗ ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಒದೆಯುತ್ತದೆ. ಪೂರ್ತಿ ವೇಗದಲ್ಲಿ ಕೆಳಗಿನ ಸಿಲಿಂಡರ್ ಆಗಾಗ ಕೆಮ್ಮುತ್ತದೆ. ಪಾಯಿಂಟು, ಕಾಯಿಲು ಕೂತಿರುವ ಆರ್ಮೇಚರ್ ಪ್ಲೇಟ್ ತಿರುಗಿಸಿ ಟೈಮಿಂಗ್ (ಕಿಡಿ ಹಾರುವ ಕ್ಷಣ) ಸರಿಮಾಡಿಕೊಳ್ಳಿ ಎಂದು ತಿಳಿದವರೊಬ್ಬರು ಹೇಳಿದರು. ಆ ಪ್ಲೇಟನ್ನು ಬಿಗಿಯುವ ಸ್ಕ್ರೂ ಎಲ್ಲಿದೆ ಎಂಬುದೇ ಗೊತ್ತಾಗುತ್ತಿಲ್ಲ.

ಉತ್ತರ: ನಿಮಗೆ ಸ್ಕ್ರೂ ಸಿಗದಿರುವುದಕ್ಕೆ ಕಾರಣ ಸರಳ, ಅಂಥ ಸ್ಕ್ರೂ ಅಲ್ಲಿ ಇಲ್ಲ. ನಿಮ್ಮ ಮೋಟಾರಿನಲ್ಲಿ ಆರ್ಮೇಚರ್ ಪ್ಲೇಟ್ ಇರುವುದೇ ತಿರುಗುವುದಕ್ಕೆ. ಹಿಡಿಕೆ ತಿರುವಿದಾಗ ಕಾರ್ಬ್ಯುರೇಟರ್ ತೆರೆಯುವುದರ ಜೊತೆಗೆ ಈ ಪ್ಲೇಟೂ ತಿರುಗುತ್ತದೆ. ಮೇಲಿನಿಂದ ನೋಡಿದರೆ ಕ್ರ್ಯಾಂಕ್ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುತ್ತದೆ. ಪ್ಲೇಟು ಅದಕ್ಕೆ ಎದುರಾಗಿ ಸರಿದಷ್ಟೂ ಪಾಯಿಂಟಿಗೆ ಅದನ್ನು ತೆರೆಯುವ ಉಬ್ಬು, ಅಂದರೆ ಕ್ಯಾಮ್, ಬೇಗ ತಾಗುತ್ತದೆ, ಕಿಡಿ ಬೇಗ ಹಾರುತ್ತದೆ. ನಿಧಾನವಾಗಿ ಓಡುವಾಗ ಕಿಡಿ ತಡವಾಗಿ ಸಾಕು, ವೇಗ ಹೆಚ್ಚಿದಂತೆ ಮುಂಚೆ ಬೇಕು. ನಿಮಿಷಕ್ಕೆ 4000 ಸುತ್ತು ಎಂದರೆ ಒಂದು ಸುತ್ತಿಗೆ 15 ಮಿಲಿಸೆಕೆಂಡು ಮಾತ್ರ. ಪಿಸ್ಟನ್ ಎಷ್ಟೇ ಜೋರಾಗಿ ಓಡಲಿ, ಪೆಟ್ರೋಲು ಹೊತ್ತಿಕೊಂಡು ಒತ್ತಡ ಏರುವುದಕ್ಕೆ ತನ್ನದೇ ಸಮಯ ಬೇಕು. ಅದಕ್ಕೇ ಪಿಸ್ಟನ್ ಮೇಲೆ ತಲುಪುವುದಕ್ಕಿಂತ ಸಾಕಷ್ಟು ಮೊದಲೇ ಕಿಡಿ ಕೊಡಬೇಕಾಗುತ್ತದೆ.

ಈ ಉಪಾಯ ಬಹಳ ಹಳೆಯದು. ಓಲೆ ಎವಿನ್ರೂಡ್ 1909ರಲ್ಲಿ ಒಂದೂವರೆ ಅಶ್ವಶಕ್ತಿಯ ಮೋಟಾರನ್ನು ಮಾರಾಟಕ್ಕೆ ತಂದ ನಂತರದ ದಶಕಗಳಲ್ಲಿ ಬಂದ ಎಷ್ಟೋ ಮೋಟಾರುಗಳಲ್ಲಿ ಕಿಡಿಯ ಹಿಡಿಕೆಯನ್ನು ಕೈಯಿಂದ ಸರಿಸಿಯೇ ವೇಗ ಹೆಚ್ಚು ಕಡಿಮೆ ಮಾಡುತ್ತಿದ್ದರು. ನಿಮ್ಮ ಮೋಟಾರಿನಲ್ಲಿ ಆ ಹಿಡಿಕೆಯನ್ನೂ ಕಾರ್ಬ್ಯುರೇಟರನ್ನೂ ಒಂದಕ್ಕೊಂದು ಜೋಡಿಸಿದ್ದಾರೆ, ಅಷ್ಟೇ ವ್ಯತ್ಯಾಸ.

ಹಾಗಾದರೆ ಟೈಮಿಂಗ್ ಇಡುವುದು ಎಲ್ಲಿ? ಪಾಯಿಂಟಿನ ಅಂತರದಲ್ಲಿ. ಫ್ಲೈವೀಲಿನ ಅಯಸ್ಕಾಂತ ಕಾಯಿಲನ್ನು ದಾಟುವಾಗ, ಮುಚ್ಚಿರುವ ಪಾಯಿಂಟಿನ ಮೂಲಕ ಪ್ರೈಮರಿ ಸುತ್ತಿನಲ್ಲಿ ಕರೆಂಟು ಹರಿಯುತ್ತಿರುತ್ತದೆ. ಪಾಯಿಂಟ್ ತೆರೆದ ಕ್ಷಣ ಅದು ಕಡಿದುಹೋಗಿ, ಸೆಕೆಂಡರಿ ಸುತ್ತಿನಲ್ಲಿ ಭಾರೀ ವೋಲ್ಟೇಜ್ ಎದ್ದು ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಪಾಯಿಂಟ್ ತೆರೆಯುವ ಕ್ಷಣವೇ ಕಿಡಿಯ ಕ್ಷಣ. ಅಂತರ ಜಾಸ್ತಿ ಇಟ್ಟರೆ ಕ್ಯಾಮಿನ ಏರು ಶುರುವಾಗುತ್ತಿದ್ದಂತೆಯೇ ಪಾಯಿಂಟ್ ಬಿಟ್ಟುಕೊಳ್ಳುತ್ತದೆ, ಟೈಮಿಂಗ್ ಮುಂದಾಗುತ್ತದೆ. ಕಡಿಮೆ ಇಟ್ಟರೆ ಹಿಂದಾಗುತ್ತದೆ. ನಿಮ್ಮದರಲ್ಲಿ ಕ್ಯಾಮ್ ಒಂದೇ, ಅದರ ಎರಡು ಬದಿಯಲ್ಲಿ 180 ಡಿಗ್ರಿ ಅಂತರದಲ್ಲಿ ಎರಡು ಪಾಯಿಂಟ್. ಒಂದರಲ್ಲಿ 0.020, ಇನ್ನೊಂದರಲ್ಲಿ 0.016 ಉಳಿದಿದ್ದರೆ ಎರಡು ಸಿಲಿಂಡರಿಗೂ ಬೇರೆ ಬೇರೆ ಟೈಮಿಂಗ್ ಬಂದಂತಾಯಿತು. ಕೆಳಗಿನ ಸಿಲಿಂಡರ್ ಕೆಮ್ಮುವುದಕ್ಕೆ ನನ್ನ ಮೊದಲ ಅನುಮಾನ ಇದರ ಮೇಲೇ.

ಇನ್ನೂ ಒಂದು ಮಾತಿದೆ. ಪಾಯಿಂಟ್ ತೆರೆಯುವಾಗ ಅಯಸ್ಕಾಂತವೂ ಕಾಯಿಲಿನ ಎದುರು ಸರಿಯಾದ ಜಾಗದಲ್ಲಿರಬೇಕು, ಆಗಲೇ ಕಿಡಿ ಬಲವಾಗಿರುತ್ತದೆ. ಪ್ಲೇಟು ತಿರುಗಿದರೆ ಕಾಯಿಲು, ಪಾಯಿಂಟು ಎರಡೂ ಒಟ್ಟಿಗೇ ತಿರುಗುವುದರಿಂದ ಈ ಹೊಂದಾಣಿಕೆ ಕೆಡುವುದಿಲ್ಲ. ಪಾಯಿಂಟಿನ ಅಂತರ ತಪ್ಪಿದರೆ ಮಾತ್ರ ಟೈಮಿಂಗೂ ಕೆಡುತ್ತದೆ, ಕಿಡಿಯ ಬಲವೂ ಕೆಡುತ್ತದೆ. ಪ್ಲೇಟಿನ ನಿಲುಗಡೆಯನ್ನು ಅರದಿಂದ ಉಜ್ಜಿ ಟೈಮಿಂಗ್ ಸರಿಮಾಡಲು ಹೋದವರ ಮೋಟಾರುಗಳು ನನ್ನ ಬಳಿ ಬಂದಿವೆ. ಉಜ್ಜಿದ ಲೋಹ ಮತ್ತೆ ಬರುವುದಿಲ್ಲ. ದಯವಿಟ್ಟು ಅದಕ್ಕೆ ಕೈ ಹಾಕಬೇಡಿ.

ಹಿಂದಕ್ಕೆ ಒದೆಯುವ ವಿಷಯಕ್ಕೆ ಬರೋಣ. ಹಗ್ಗ ಎಳೆಯುವಾಗ ಹಿಡಿಕೆಯನ್ನು ಎಲ್ಲಿಟ್ಟಿರುತ್ತೀರಿ? ಸ್ಟಾರ್ಟ್ ಗುರುತು ದಾಟಿಸಿ ಪೂರ್ತಿ ವೇಗದ ಕಡೆ ಇಟ್ಟಿದ್ದರೆ ಪ್ಲೇಟು ಪೂರ್ತಿ ಮುಂದಾಗಿರುತ್ತದೆ. ಕೈಯಿಂದ ಎಳೆಯುವ ನಿಧಾನದಲ್ಲಿ ಪಿಸ್ಟನ್ ಮೇಲೇರುವ ಮೊದಲೇ ಬೆಂಕಿ ಹೊತ್ತಿ ಅದನ್ನು ಕೆಳಗೆ ನೂಕುತ್ತದೆ. ಬೆರಳು, ಮಣಿಕಟ್ಟು ಮುರಿಯುವಷ್ಟು ಬಲ ಅದಕ್ಕಿದೆ. ಹಿಡಿಕೆ ಸರಿಯಾದ ಜಾಗದಲ್ಲಿದ್ದೂ ಒದೆಯುತ್ತಿದ್ದರೆ ಫ್ಲೈವೀಲ್ ಬಿಚ್ಚಿ ಕೀ, ಅಂದರೆ ಅದನ್ನು ಕ್ರ್ಯಾಂಕಿನ ಮೇಲೆ ಸರಿಯಾದ ಜಾಗಕ್ಕೆ ಕೂರಿಸುವ ಸಣ್ಣ ಲೋಹದ ತುಂಡು, ನೋಡಲೇಬೇಕು.

ಬಿಚ್ಚುವುದಕ್ಕೆ ಫ್ಲೈವೀಲಿನ ನಡುಭಾಗದಲ್ಲಿರುವ ಮೂರು ಥ್ರೆಡ್ಡಿನ ತೂತುಗಳಿಗೆ ಬೋಲ್ಟ್ ಹಾಕುವ ಪುಲ್ಲರ್ ಬಳಸಿ. ಅಂಚಿಗೆ ಕೊಕ್ಕೆ ಹಾಕಿ ಎಳೆಯುವ ಪುಲ್ಲರ್ ಬೇಡ, ಅಂಚು ಬಾಗಿ ಅಯಸ್ಕಾಂತ ಕಾಯಿಲಿಗೆ ಉಜ್ಜಲು ಶುರುವಾಗುತ್ತದೆ. ಪುಲ್ಲರಿನ ನಡುವಿನ ಬೋಲ್ಟ್ ಬಿಗಿಯಾದ ಮೇಲೆ ಅದರ ತಲೆಗೆ ಸುತ್ತಿಗೆಯಿಂದ ಒಂದು ಚುರುಕಾದ ಪೆಟ್ಟು ಕೊಟ್ಟರೆ ಟಪ್ ಎಂದು ಸದ್ದಾಗಿ ಬಿಟ್ಟುಕೊಳ್ಳುತ್ತದೆ. ಕ್ರ್ಯಾಂಕಿನ ತುದಿಗೆ ನೇರವಾಗಿ ಹೊಡೆಯಲೇಬಾರದು.

ಕೀ ಹೊರತೆಗೆದು ಬೆಳಕಿಗೆ ಹಿಡಿಯಿರಿ. ಅದರ ಪಕ್ಕದ ಮೈ ನೇರವಾಗಿರಬೇಕು, ನಡುವೆ ಮೆಟ್ಟಿಲಿನಂಥ ತಿರುವು ಇರಬಾರದು. ಕ್ರ್ಯಾಂಕಿನ ಟೇಪರ್ ಭಾಗ (ಫ್ಲೈವೀಲ್ ಕೂರುವ, ತುದಿಯತ್ತ ಸಪೂರವಾಗುವ ಭಾಗ) 20 ಮಿ.ಮೀ. ವ್ಯಾಸದ್ದಾದರೆ ಒಂದು ಡಿಗ್ರಿ ಎಂದರೆ ಅದರ ಮೇಲ್ಮೈಯಲ್ಲಿ 0.17 ಮಿ.ಮೀ. ಮಾತ್ರ. ಕೀಯಲ್ಲಿ ಅರ್ಧ ಮಿಲಿಮೀಟರ್ ಮೆಟ್ಟಿಲು ಬಿದ್ದಿದ್ದರೂ ಮೂರು ಡಿಗ್ರಿ ಹೋಯಿತು. ಕ್ಯಾಮ್ ಫ್ಲೈವೀಲಿಗೇ ಸೇರಿರುವ ಮೋಟಾರಾದರೆ ಟೈಮಿಂಗೇ ಅಷ್ಟು ಸರಿಯುತ್ತದೆ. ಕ್ಯಾಮ್ ಬೇರೆಯಾಗಿ ಕ್ರ್ಯಾಂಕಿನ ಮೇಲೆ ಕೂತಿರುವುದಾದರೆ ಅಯಸ್ಕಾಂತದ ಜಾಗ ತಪ್ಪಿ ಕಿಡಿ ಸೊರಗುತ್ತದೆ.

ಫ್ಲೈವೀಲನ್ನು ಹಿಡಿದಿಡುವುದು ಕೀ ಎಂದು ಬಹಳ ಜನ ತಿಳಿದಿದ್ದಾರೆ. ನಾನೂ ಕೆಲಸ ಕಲಿತ ಶುರುವಿನಲ್ಲಿ ಹಾಗೇ ತಿಳಿದಿದ್ದೆ. ಹಿಡಿದಿಡುವುದು ಟೇಪರ್, ಅಂದರೆ ಎರಡು ಒಣ ಲೋಹದ ಮೈಗಳ ಬಿಗಿತ. ಕೀ ಜೋಡಿಸುವಾಗ ದಾರಿ ತೋರಿಸುತ್ತದೆ, ಅಷ್ಟು ಮಾತ್ರ. ಒಮ್ಮೆ ಒಂದು ಮೋಟಾರಿನ ಟೇಪರನ್ನು ಕೈಯಲ್ಲಿದ್ದ ಎಣ್ಣೆ ಬಟ್ಟೆಯಲ್ಲೇ ಒರೆಸಿ, ನಟ್ಟನ್ನು ಅಂದಾಜಿನಲ್ಲಿ ಬಿಗಿದು ಕೊಟ್ಟುಬಿಟ್ಟೆ. ಮೂರನೆಯ ದಿನ ಯಜಮಾನರು ಕೈಗೆ ಪಟ್ಟಿ ಕಟ್ಟಿಕೊಂಡು ಬಂದರು. ಹಗ್ಗ ಒದ್ದು ಹೆಬ್ಬೆರಳು ಉಳುಕಿತ್ತು. ಬಿಚ್ಚಿ ನೋಡಿದರೆ ಕೀ ಅರ್ಧಕ್ಕೆ ಕತ್ತರಿಸಿತ್ತು, ಟೇಪರಿನ ಮೇಲೆ ಉಜ್ಜಿದ ಹೊಳೆಯುವ ಗೆರೆಗಳು. ಆ ಹೆಬ್ಬೆರಳು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅಂದಿನಿಂದ ಟೇಪರನ್ನೂ ಫ್ಲೈವೀಲಿನ ಒಳಮೈಯನ್ನೂ ಸ್ಪಿರಿಟ್ ಹಚ್ಚಿದ ಶುದ್ಧ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಮ್ಯಾನುಯಲ್ ಹೇಳಿದ ಅಳತೆಗೆ ಟಾರ್ಕ್ ವ್ರೆಂಚಿನಿಂದಲೇ ನಟ್ ಬಿಗಿಯುತ್ತೇನೆ.

ಫ್ಲೈವೀಲ್ ಹೊರಗಿರುವಾಗಲೇ ಎರಡು ಪರೀಕ್ಷೆ ಮಾಡಿ. ಪ್ಲೇಟನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿ. ತಿರುಗಬೇಕು, ಆದರೆ ಲಟಲಟ ಎನ್ನಬಾರದು. ಆಮೇಲೆ ಕ್ಯಾಮಿನ ಎತ್ತರದ ಭಾಗ ಪಾಯಿಂಟಿನ ಫೈಬರಿಗೆ ತಾಗುವಂತೆ ಕ್ರ್ಯಾಂಕ್ ನಿಲ್ಲಿಸಿ, ಕ್ರ್ಯಾಂಕಿನ ತುದಿಯನ್ನು ಪಾಯಿಂಟಿನ ಕಡೆಗೊಮ್ಮೆ, ಆಚೆಗೊಮ್ಮೆ ನೂಕುತ್ತಾ ಅಂತರ ಬದಲಾಗುತ್ತದೆಯೇ ನೋಡಿ. ಕಣ್ಣಿಗೆ ಕಾಣುವಷ್ಟು ಬದಲಾದರೆ ಮೇಲಿನ ಬೇರಿಂಗ್ ಸವೆದಿದೆ ಎಂದರ್ಥ. ಆಗ ನೀವು ಎಷ್ಟೇ ಅಚ್ಚುಕಟ್ಟಾಗಿ ಅಂತರ ಇಟ್ಟರೂ ಓಡುವಾಗ ಅದು ಉಳಿಯುವುದಿಲ್ಲ. ಪಾಯಿಂಟ್ ಮೇಲೆ ಪಾಯಿಂಟ್ ಬದಲಿಸುತ್ತಾ ಹೋಗುವವರು ಈ ಪರೀಕ್ಷೆ ಮಾಡಿರುವುದಿಲ್ಲ.

ಇನ್ನು ಅಂತರ ಇಡುವ ಕೆಲಸ. ಹೊಸ ಪಾಯಿಂಟಿನ ಮೇಲೆ ತುಕ್ಕು ಹಿಡಿಯದಿರಲಿ ಎಂದು ಹಚ್ಚಿದ ತೆಳು ಎಣ್ಣೆಯ ಪೊರೆ ಇರುತ್ತದೆ. ಬಿಳಿ ಕಾಗದದ ಪಟ್ಟಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ, ಮುಚ್ಚಿದ ಪಾಯಿಂಟಿನ ನಡುವೆ ಎಳೆಯಿರಿ. ಆಮೇಲೆ ಒಣ ಪಟ್ಟಿಯಿಂದ, ಕಾಗದದ ಮೇಲೆ ಬೂದು ಗೆರೆ ಬೀಳುವುದು ನಿಲ್ಲುವವರೆಗೆ. ಎಮರಿ ಕಾಗದ ಬೇಡ, ಅದರ ಹರಳು ಪಾಯಿಂಟಿನಲ್ಲಿ ನೆಟ್ಟುಕೊಳ್ಳುತ್ತದೆ. ಕ್ಯಾಮಿಗೆ ತಾಗುವ ಫೆಲ್ಟ್ ತುಂಡಿಗೆ ಒಂದಿಷ್ಟೇ ಗ್ರೀಸ್. ಜಾನ್ಸನ್, ಎವಿನ್ರೂಡ್ ಹೆಸರಿನಲ್ಲಿ ಆ ಕಾಲಕ್ಕೆ ಬಂದ ಸಣ್ಣ ಮೋಟಾರುಗಳಿಗೆ 0.020 ಇಂಚು, ಅಂದರೆ ಸುಮಾರು ಅರ್ಧ ಮಿಲಿಮೀಟರ್ ಸರಿಯಾದ ಅಳತೆಯೇ. ಗೇಜಿನ ಪಟ್ಟಿ ತುಸುವೇ ಹಿಡಿದುಕೊಂಡು ಜಾರಬೇಕು.

ಆದರೆ ಫೀಲರ್ ಗೇಜನ್ನು ನಾನು ಅರ್ಧ ದಾರಿಯವರೆಗೆ ಮಾತ್ರ ನಂಬುತ್ತೇನೆ. ಓಡಿದ ಪಾಯಿಂಟಿನಲ್ಲಿ ಒಂದು ಕಡೆ ಗುಳಿ, ಇನ್ನೊಂದು ಕಡೆ ಮೊನೆ ಎದ್ದಿರುತ್ತದೆ. ಗೇಜು ಆ ಗುಳಿಯ ಮೇಲೆ ಸೇತುವೆಯಂತೆ ಕೂತು ತಪ್ಪು ಅಳತೆ ಕೊಡುತ್ತದೆ. ಹೊಸತರಲ್ಲೂ ಎರಡು ಮುಖ ಸರಿಯಾಗಿ ಎದುರುಬದುರು ಕೂರದಿದ್ದರೆ ಇದೇ ಕಥೆ. ಕೊನೆಯ ತೀರ್ಪು ಮೀಟರಿನದು, ಅಂದರೆ ಕರೆಂಟಿಗೆ ದಾರಿ ಮುಚ್ಚಿದೆಯೇ ತೆರೆದಿದೆಯೇ ಎಂದು ತೋರಿಸುವ ಓಮ್ ಮೀಟರಿನದು.

ಪಾಯಿಂಟಿನ ಸ್ಕ್ರೂವಿನಿಂದ ಕಾಯಿಲಿನ ವೈರು, ಕಂಡೆನ್ಸರ್ ವೈರು ಎರಡನ್ನೂ ಬಿಚ್ಚಿ ಪಕ್ಕಕ್ಕೆ ಬಾಗಿಸಿ. ಕಾಯಿಲ್ ಬಿಚ್ಚದಿದ್ದರೆ ಪಾಯಿಂಟ್ ತೆರೆದರೂ ಪ್ರೈಮರಿ ಸುತ್ತಿನ ಮೂಲಕವೇ ಮೀಟರು ಮುಚ್ಚಿದೆ ಎಂದು ತೋರಿಸುತ್ತದೆ. ತೆಳುವಾದ ವೈರೊಂದನ್ನು ಪಾಯಿಂಟಿಗೆ ಸಿಕ್ಕಿಸಿ ಪ್ಲೇಟಿನ ಅಂಚಿನಿಂದ ಹೊರತನ್ನಿ, ಫ್ಲೈವೀಲನ್ನು ಮತ್ತೆ ಕೂರಿಸಿ ಹಗುರವಾಗಿ ನಟ್ ಹಾಕಿ. ಮೀಟರಿನ ಒಂದು ತುದಿ ಆ ವೈರಿಗೆ, ಇನ್ನೊಂದು ಎಂಜಿನ್ನಿನ ಮೈಗೆ. ಈ ಬಗೆಯ ಎಷ್ಟೋ ಮೋಟಾರುಗಳಲ್ಲಿ ಫ್ಲೈವೀಲಿನ ಅಂಚಿನಲ್ಲಿ ಒಂದು ಗುರುತು, ಪ್ಲೇಟಿನ ಮೇಲೆ ಅದಕ್ಕೆ ಜೋಡಿ ಗುರುತು ಇರುತ್ತದೆ. ತುಕ್ಕು, ಬಣ್ಣದ ಕೆಳಗೆ ಹೂತಿರಬಹುದು, ತಂತಿ ಬ್ರಷ್ಷಿನಿಂದ ಉಜ್ಜಿ ಬಿಳಿ ಬಣ್ಣ ತುಂಬಿ. ಪ್ಲಗ್ಗುಗಳನ್ನು ಬಿಚ್ಚಿಟ್ಟು, ಫ್ಲೈವೀಲನ್ನು ಓಡುವ ದಿಕ್ಕಿಗೆ ಮಾತ್ರ ಇಷ್ಟಿಷ್ಟೇ ತಿರುಗಿಸಿ. ಗುರುತುಗಳು ಕೂಡುವ ಜಾಗದಲ್ಲಿ ಮೀಟರಿನ ಮುಳ್ಳು ಬೀಳಬೇಕು. ಗುರುತಿಗಿಂತ ಮೊದಲೇ ಬಿದ್ದರೆ ಅಂತರ ಹೆಚ್ಚಾಗಿದೆ, ದಾಟಿದ ಮೇಲೆ ಬಿದ್ದರೆ ಕಡಿಮೆಯಾಗಿದೆ. ಮತ್ತೆ ಬಿಚ್ಚಿ ಕೂದಲಷ್ಟು ಸರಿಸಿ ಮತ್ತೆ ಕೂರಿಸಬೇಕು. ನನಗೆ ಇಷ್ಟು ವರ್ಷದ ಮೇಲೂ ಒಂದು ಪಾಯಿಂಟಿಗೆ ಮೂರು ನಾಲ್ಕು ಸಲ ಬಿಚ್ಚುವುದು ತಪ್ಪಿಲ್ಲ. ಎರಡನೆಯ ಪಾಯಿಂಟಿಗೂ ಇದೇ ಕ್ರಮ. ಎರಡೂ ತಂತಮ್ಮ ಗುರುತಿನಲ್ಲೇ ತೆರೆದಾಗ ಕೆಳಗಿನ ಸಿಲಿಂಡರಿನ ಕೆಮ್ಮು ನಿಂತಿತೆಂದೇ ತಿಳಿಯಿರಿ.

ವೈರು ಹೊರತೆಗೆದು, ಬಿಚ್ಚಿಟ್ಟ ಎರಡೂ ವೈರುಗಳನ್ನು ಮರಳಿ ಹಾಕುವುದನ್ನು ಮರೆಯಬೇಡಿ. ಹೊಸ ಫೈಬರ್ ಮೊದಮೊದಲು ಬೇಗ ಸವೆದು ಅಂತರ ತಗ್ಗುತ್ತದೆ. ಹತ್ತು ಗಂಟೆ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿ.

ಪ್ರಶ್ನೆ: ನನ್ನದು ಒಂದೇ ಸಿಲಿಂಡರಿನ ಹಳೆಯ ಮೋಟಾರು. ಮ್ಯಾನುಯಲ್‌ನಲ್ಲಿ ಟಿಡಿಸಿಗಿಂತ (ಪಿಸ್ಟನ್ ಪೂರ್ತಿ ಮೇಲೆ ತಲುಪುವ ಜಾಗ) ಇಷ್ಟು ಡಿಗ್ರಿ ಮೊದಲು ಎಂದು ಕೊಟ್ಟಿದ್ದಾರೆ, ಆದರೆ ಫ್ಲೈವೀಲಿನ ಮೇಲೆ ಗುರುತೇ ಇಲ್ಲ. ಸ್ಕ್ರೂಡ್ರೈವರನ್ನು ಪ್ಲಗ್ಗಿನ ತೂತಿಗೆ ಬಿಟ್ಟು ಟಿಡಿಸಿ ಗುರುತಿಸಬಹುದೇ?

ಉತ್ತರ: ಅಂದಾಜು ಸಿಗುತ್ತದೆ, ಟೈಮಿಂಗಿಗೆ ಸಾಲದು. ಪಿಸ್ಟನ್ ತುದಿ ತಲುಪಿದಾಗ ಕ್ರ್ಯಾಂಕ್ ಕೆಲವು ಡಿಗ್ರಿ ತಿರುಗಿದರೂ ಸ್ಕ್ರೂಡ್ರೈವರ್ ಅಲುಗುವುದೇ ಇಲ್ಲ. ಪ್ಲಗ್ಗಿನ ತೂತಿಗೆ ಪಿಸ್ಟನ್ ಸ್ಟಾಪ್ ಹಾಕಿ. ಹಳೆಯ ಪ್ಲಗ್ಗಿನ ಪಿಂಗಾಣಿ ತೆಗೆದು, ತುದಿ ಗುಂಡಗಿರುವ ಬೋಲ್ಟ್ ಕೂರಿಸಿದರೂ ಸಾಕು. ಫ್ಲೈವೀಲನ್ನು ಮೆಲ್ಲಗೆ ಒಂದು ದಿಕ್ಕಿಗೆ ತಿರುಗಿಸಿ, ಪಿಸ್ಟನ್ ತಡೆದಾಗ ಎಂಜಿನ್ನಿನ ಮೇಲಿನ ಒಂದು ಸ್ಥಿರ ಸೂಚಿಯ ಎದುರು ಗೆರೆ ಹಾಕಿ. ವಿರುದ್ಧ ದಿಕ್ಕಿಗೆ ತಿರುಗಿಸಿ ಮತ್ತೆ ತಡೆದಾಗ ಇನ್ನೊಂದು ಗೆರೆ. ಎರಡರ ನಟ್ಟನಡುವೆ ಟಿಡಿಸಿ. ಸ್ಟಾರ್ಟರ್ ಹಗ್ಗ ಎಳೆದು ಪಿಸ್ಟನ್ನನ್ನು ಸ್ಟಾಪಿಗೆ ಬಡಿಯಬೇಡಿ, ಕೈಯಿಂದಲೇ ತಿರುಗಿಸಿ.

ಡಿಗ್ರಿ ಅಳೆಯಲು ಫ್ಲೈವೀಲಿನ ಸುತ್ತ ಕಾಗದದ ಪಟ್ಟಿ ಸುತ್ತಿ ಉದ್ದ ತೆಗೆದು 360ರಿಂದ ಭಾಗಿಸಿ. 180 ಮಿ.ಮೀ. ವ್ಯಾಸದ ಫ್ಲೈವೀಲಾದರೆ ಒಂದು ಡಿಗ್ರಿಗೆ 1.57 ಮಿ.ಮೀ. ಬರುತ್ತದೆ. ಟಿಡಿಸಿ ಗೆರೆಯಿಂದ ಓಡುವ ದಿಕ್ಕಿನ ಕಡೆಗೆ ಅಷ್ಟು ಅಳೆದು ಗುರುತು ಹಾಕಿದರೆ, ತಿರುಗುವಾಗ ಆ ಗುರುತು ಟಿಡಿಸಿಗಿಂತ ಮೊದಲು ಸೂಚಿಗೆ ಬರುತ್ತದೆ.

ಡಯಲ್ ಗೇಜ್ ಇರುವವರು ಪಿಸ್ಟನ್ನಿನ ಇಳಿತವನ್ನೇ ಅಳೆಯಬಹುದು. ಉದಾಹರಣೆಗೆ ಸ್ಟ್ರೋಕ್ 40 ಮಿ.ಮೀ., ಕನೆಕ್ಟಿಂಗ್ ರಾಡ್ 80 ಮಿ.ಮೀ. ಇದ್ದರೆ 20 ಡಿಗ್ರಿಗೆ ಪಿಸ್ಟನ್ 1.5 ಮಿ.ಮೀ. ಕೆಳಗಿರುತ್ತದೆ, 30 ಡಿಗ್ರಿಗೆ 3.3 ಮಿ.ಮೀ. ಡಿಗ್ರಿ ಒಂದೂವರೆ ಪಟ್ಟಾದರೆ ಇಳಿತ ಎರಡು ಪಟ್ಟಿಗಿಂತ ಹೆಚ್ಚು, ಆದ್ದರಿಂದ ಲೆಕ್ಕವನ್ನು ನೇರ ಭಾಗಾಕಾರದಲ್ಲಿ ಮಾಡಬೇಡಿ. ಪ್ಲಗ್ಗಿನ ತೂತು ಓರೆಯಾಗಿದ್ದರೆ ಡಯಲ್ ಗೇಜಿನ ಅಳತೆ ತಪ್ಪುತ್ತದೆ, ಆಗ ಕಾಗದದ ಪಟ್ಟಿಯೇ ಲೇಸು.

ಮ್ಯಾನುಯಲ್ ಕೊಡುವ ದೊಡ್ಡ ಸಂಖ್ಯೆ ಸಾಮಾನ್ಯವಾಗಿ ಪ್ಲೇಟು ಪೂರ್ತಿ ಮುಂದಾಗಿರುವಾಗಿನದು. ಹಿಡಿಕೆಯನ್ನು ಪೂರ್ತಿ ವೇಗಕ್ಕೆ ತಿರುವಿ ನಿಲ್ಲಿಸಿಕೊಂಡು ಪರೀಕ್ಷಿಸಿ. ನಿಧಾನದ ಜಾಗದಲ್ಲಿಟ್ಟು ಆ ಸಂಖ್ಯೆ ಹೊಂದಿಸಿದರೆ ಪೂರ್ತಿ ವೇಗದಲ್ಲಿ ಟೈಮಿಂಗ್ ಎಲ್ಲಿಗೋ ಹೋಗಿ ಪಿಸ್ಟನ್ ಸುಡುತ್ತದೆ.

ಪ್ರಶ್ನೆ: ಟೈಮಿಂಗ್ ಸ್ವಲ್ಪ ಮುಂದಿಟ್ಟರೆ ವೇಗ ಹೆಚ್ಚುತ್ತದೆ ಎನ್ನುತ್ತಾರೆ. ಎರಡು ಮೂರು ಡಿಗ್ರಿ ಮುಂದಿಟ್ಟರೆ ತೊಂದರೆಯೇ?

ಉತ್ತರ: ಇಡಬೇಡಿ. ಕಿಡಿ ಬೇಕಾದುದಕ್ಕಿಂತ ಬೇಗ ಹಾರಿದರೆ ಪಿಸ್ಟನ್ ಇನ್ನೂ ಏರುತ್ತಿರುವಾಗಲೇ ಒತ್ತಡ, ಶಾಖ ಮಿತಿಮೀರುತ್ತದೆ. ಉಳಿದ ಮಿಶ್ರಣ ಒಮ್ಮೆಗೇ ಸಿಡಿಯತೊಡಗುತ್ತದೆ. ಔಟ್‌ಬೋರ್ಡಿನ ಗದ್ದಲದಲ್ಲಿ ಆ ಟಕಟಕ ಸದ್ದು ಕಿವಿಗೆ ಬೀಳುವುದೂ ಇಲ್ಲ. ದೋಣಿಯ ಮೋಟಾರು ಏರು ಇಳಿವಿಲ್ಲದೆ ಗಂಟೆಗಟ್ಟಲೆ ಪೂರ್ತಿ ಹೊರೆಯಲ್ಲಿ ಓಡುವಂಥದ್ದು, ತಣ್ಣಗಾಗುವುದಕ್ಕೆ ಬಿಡುವೇ ಇಲ್ಲ. ಅಲ್ಯುಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ಗೆ; ಉರಿಯುವ ಅನಿಲ ಅದಕ್ಕಿಂತ ಎಷ್ಟೋ ಪಟ್ಟು ಬಿಸಿ.

ನನ್ನ ಮೇಜಿನ ಮೇಲೆ ಅಂಥ ಒಂದು ಪಿಸ್ಟನ್ ಇಟ್ಟುಕೊಂಡಿದ್ದೇನೆ. ತಲೆಯ ನಡುವೆ ಪೆನ್ಸಿಲ್ ತೂರುವಷ್ಟು ತೂತು, ಸುತ್ತ ಮೇಣ ಕರಗಿ ಹೆಪ್ಪುಗಟ್ಟಿದಂಥ ಅಂಚು. ಅದರ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಬೂದು ಚುಕ್ಕೆಗಳು, ಅವು ಪಿಸ್ಟನ್ನಿನ ಅಲ್ಯುಮಿನಿಯಂ ಹನಿಗಳು. ನಿಮ್ಮ ಪ್ಲಗ್ಗಿನಲ್ಲಿ ಇಂಥ ಚುಕ್ಕೆ ಕಂಡ ದಿನ ಮೋಟಾರು ನಿಲ್ಲಿಸಿ.

ಪ್ರಶ್ನೆ: ನನ್ನದು ಪಾಯಿಂಟ್ ಇಲ್ಲದ, ಸಿಡಿಐ (ಎಲೆಕ್ಟ್ರಾನಿಕ್ ಆಗಿ ಕಿಡಿ ಕೊಡುವ ವ್ಯವಸ್ಥೆ) ಇರುವ ಸ್ವಲ್ಪ ಈಚಿನ ಮೋಟಾರು. ನೀರಿನ ಪೈಪು ಸಿಕ್ಕಿಸಿ ದಡದಲ್ಲೇ ಪೂರ್ತಿ ವೇಗದಲ್ಲಿ ಓಡಿಸಿ ಟೈಮಿಂಗ್ ಲೈಟ್ (ಕಿಡಿ ಹಾರಿದಾಗಲೆಲ್ಲ ಮಿಂಚುವ ದೀಪ) ಹಿಡಿಯಬಹುದೇ?

ಉತ್ತರ: ಖಂಡಿತ ಬೇಡ. ನೀರಿನ ಹೊರೆ ಇಲ್ಲದೆ ಪೂರ್ತಿ ತೆರೆದರೆ ಎಂಜಿನ್ ಕ್ಷಣದಲ್ಲಿ ಮಿತಿಮೀರಿ ಸುತ್ತಿ ರಾಡ್ ಮುರಿದುಕೊಳ್ಳಬಹುದು. ಪೈಪು ಇರುವುದು ನಿಧಾನದಲ್ಲಿ ಓಡಿಸುವುದಕ್ಕೆ ಮಾತ್ರ. ಪರೀಕ್ಷೆಯ ತೊಟ್ಟಿಯಲ್ಲಿ ಪ್ರೊಪೆಲ್ಲರ್ ಬದಲು ಟೆಸ್ಟ್ ವೀಲ್ ಹಾಕಿ, ಅಥವಾ ದೋಣಿಯನ್ನು ನೀರಿನಲ್ಲಿ ಭದ್ರವಾಗಿ ಕಟ್ಟಿಹಾಕಿ ಮಾಡಬೇಕು. ಮೊದಲ ಸಿಲಿಂಡರಿನ ಪ್ಲಗ್ ವೈರಿಗೆ ಲೈಟಿನ ಕ್ಲಿಪ್ ಹಾಕುವ ಮುನ್ನ, ಎಂಜಿನ್ನಿನ ಸೂಚಿ ನಿಜವಾಗಿ ಟಿಡಿಸಿ ತೋರಿಸುತ್ತಿದೆಯೇ ಎಂದು ಮೇಲೆ ಹೇಳಿದ ಪಿಸ್ಟನ್ ಸ್ಟಾಪಿನಿಂದ ಖಚಿತಪಡಿಸಿಕೊಳ್ಳಿ. ಸೂಚಿಯ ಸ್ಕ್ರೂ ಸಡಿಲಾಗಿ ಸರಿದಿರುವುದನ್ನು ಬೇಕಾದಷ್ಟು ಕಂಡಿದ್ದೇನೆ. ಪೂರ್ತಿ ಮುಂದಿನ ಟೈಮಿಂಗನ್ನು ಇಂಥ ಮೋಟಾರುಗಳಲ್ಲಿ ನಿಲುಗಡೆಯ ಸ್ಕ್ರೂ ತಿರುಗಿಸಿ ಹೊಂದಿಸುತ್ತಾರೆ. ಎಂಜಿನ್ ಆರಿಸಿ ಸ್ಕ್ರೂ ತಿರುಗಿಸಿ, ಮತ್ತೆ ಓಡಿಸಿ ನೋಡಿ.

ಲೈಟಿನ ಬೆಳಕಿನಲ್ಲಿ ಫ್ಲೈವೀಲ್ ನಿಂತೇ ಇದೆ ಎನ್ನುವಂತೆ ಕಾಣುತ್ತದೆ. ಸಡಿಲ ತೋಳಿನ ಅಂಗಿ, ಇಳಿಬಿದ್ದ ಕೂದಲು, ಕೊರಳ ಸರ ಯಾವುದೂ ಅದರ ಹತ್ತಿರ ಹೋಗಬಾರದು. ಒಬ್ಬರೇ ಈ ಕೆಲಸ ಮಾಡಬೇಡಿ. ಒಬ್ಬರು ಹಿಡಿಕೆಯ ಬಳಿ, ಒಬ್ಬರು ಲೈಟಿನ ಬಳಿ ಇರಲಿ.

ಪ್ರಶ್ನೆ: ಪಾಯಿಂಟ್ ಇರುವ ಎರಡು ಸಿಲಿಂಡರಿನ ಮೋಟಾರು. ಟೈಮಿಂಗ್ ಸರಿಯಾಗಿದೆ, ಬೇಗ ಸ್ಟಾರ್ಟ್ ಆಗುತ್ತದೆ, ಪೂರ್ತಿ ವೇಗವೂ ಚೆನ್ನಾಗಿದೆ. ಆದರೆ ನಿಧಾನದಿಂದ ಹಿಡಿಕೆ ತಿರುವಿದ ಕೂಡಲೇ ಮುಗ್ಗರಿಸುತ್ತದೆ.

ಉತ್ತರ: ಕಿಡಿಯೂ ಕಾರ್ಬ್ಯುರೇಟರೂ ಹೆಜ್ಜೆ ತಪ್ಪಿವೆ. ಪ್ಲೇಟಿನ ಕೆಳಗೆ ವಕ್ರವಾದ ಒಂದು ಕ್ಯಾಮ್ ಪಟ್ಟಿ ಇರುತ್ತದೆ, ಕಾರ್ಬ್ಯುರೇಟರಿನ ತೋಳಿನ ತುದಿಯ ಸಣ್ಣ ರೋಲರು ಅದಕ್ಕೆ ಒರಗಿ ಉರುಳುತ್ತದೆ. ಕ್ಯಾಮ್ ಪಟ್ಟಿಯ ಮೇಲೆ ಗುರುತೊಂದಿದೆ, ಹುಡುಕಿ. ಎಂಜಿನ್ ಆರಿಸಿಟ್ಟು ಹಿಡಿಕೆಯನ್ನು ಮೆಲ್ಲಗೆ ತಿರುವುತ್ತಾ ಹೋಗಿ. ಆ ಗುರುತು ರೋಲರಿನ ನಡುವಿಗೆ ಬಂದಾಗ ಥ್ರಾಟಲ್ ಆಗಷ್ಟೇ ತೆರೆಯಲು ಶುರುವಾಗಬೇಕು. ಅದಕ್ಕಿಂತ ಮೊದಲೇ ತೆರೆದರೆ ಕಿಡಿ ಇನ್ನೂ ಹಿಂದಿರುವಾಗಲೇ ಗಾಳಿ ನುಗ್ಗುತ್ತದೆ, ನೀವು ಹೇಳುವ ಮುಗ್ಗರಿಕೆ ಇದೇ. ಥ್ರಾಟಲ್ ಶಾಫ್ಟಿನ ತುದಿಗೆ ಉದ್ದನೆಯ ಕಡ್ಡಿಯೊಂದನ್ನು ಕ್ಲಿಪ್ಪಿನಿಂದ ಸಿಕ್ಕಿಸಿಕೊಳ್ಳಿ. ಕಣ್ಣಿಗೆ ಕಾಣದಷ್ಟು ಸಣ್ಣ ಚಲನೆಯೂ ಕಡ್ಡಿಯ ತುದಿಯಲ್ಲಿ ಎದ್ದು ಕಾಣುತ್ತದೆ. ರೋಲರಿನ ತೋಳಿನ ಸ್ಕ್ರೂ ಸಡಿಲಿಸಿ, ಗುರುತು ನಡುವಿಗೆ ಬಂದ ಹೊತ್ತಿಗೇ ಕಡ್ಡಿ ಅಲುಗುವಂತೆ ಹೊಂದಿಸಿ ಬಿಗಿಯಿರಿ. ಪಾಯಿಂಟಿನ ಅಂತರ ಮುಟ್ಟಿದಾಗಲೆಲ್ಲ ಇದನ್ನೂ ಒಮ್ಮೆ ನೋಡಿಬಿಡಿ. ಕ್ರಮ ಮಾತ್ರ ತಲೆಕೆಳಗಾಗಬಾರದು, ಮೊದಲು ಪಾಯಿಂಟ್, ಆಮೇಲೆ ರೋಲರ್, ಕೊನೆಗೆ ನಿಧಾನದ ವೇಗದ ಸ್ಕ್ರೂ.